ಹಲ್ಲಿದ್ದವರು ಹೇಳುವ ಪದ

ಆಗ ನನಗೆ ನಲವತ್ತಾರು. ಅದಾಗಿ ಇಪ್ಪತ್ತೈದು ವರ್ಷದ ಮೇಲಾಯಿತು. ಮೇಷ್ಟ್ರ ಮೇಲಿನ ಸಾಲಿನಲ್ಲಿ ಮುಂದಿನ ಮೂರು ಹಲ್ಲು ಇರಲಿಲ್ಲ. ಉದುರಿದ್ದಲ್ಲ, ಉದುರಿಸಿದ್ದು. ನಾನು ಎದುರಿಗೇ ಇದ್ದೆ. ಒಂದು ಹಲ್ಲು ಆಲೂಗಡ್ಡೆ ರಾಶಿಯೊಳಕ್ಕೆ ಹಾರಿತು, ಹುಡುಕಿದರೂ ಸಿಗಲಿಲ್ಲ. ಯಾರ ಹೊಲದಲ್ಲಿ ಬಿತ್ತನೆಯಾಯಿತೋ.

ಅವರು ಹೊಳೆನರಸೀಪುರದ ಅಗ್ರಹಾರದವರು. ಹಾಸನದ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳುತ್ತಿದ್ದರು. ಓದುವವರಿಲ್ಲ ಎಂದು ಆ ಪಾಠವನ್ನೇ ತೆಗೆದುಹಾಕಿ ಅದೇ ರೂಮಿನಲ್ಲಿ ಕಂಪ್ಯೂಟರ್ ಇಟ್ಟರಂತೆ. ಆಮೇಲೆ ಮೇಷ್ಟ್ರು ಮನೆಯಲ್ಲಿ ಕೂತು ದಪ್ಪದೊಂದು ಪುಸ್ತಕ ಬರೆಯುತ್ತಿದ್ದರು. ಮನೆ ನಾವು ಕೂಲಿಗೆ ಹೋಗುತ್ತಿದ್ದ ಆಲೂಗಡ್ಡೆ ಗೋಡೌನಿಗೆ ಎದುರು. ಹತ್ತು ಗಂಟೆಗೆ ಗೇಟಿನ ಪಕ್ಕದ ಟೀ ಅಂಗಡಿಗೆ ಬಂದು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಪೂರಾ ತಣ್ಣಗಾದ ಮೇಲೆ ಕುಡಿಯುವರು. ಅಷ್ಟು ಹೊತ್ತೂ ನಮಗೆ ಪ್ರಶ್ನೆ.

ನಾನು ಶಾಂತಿಗ್ರಾಮದ ಕಡೆಯವಳು. ಬೇಸಿಗೆಯ ಕೊನೆಗೆ ಬಿತ್ತನೆ ಗಡ್ಡೆ ಬಂದಾಗ ನಾವು ಇಪ್ಪತ್ತು ಹೆಂಗಸರು ಬಸ್ಸಿಗೆ ಬಂದು, ಕೊಳೆತದ್ದನ್ನು ಬಿಸಾಕಿ, ಒಳ್ಳೆಯದನ್ನು ಕುಯ್ದು ಕೊಡುತ್ತಿದ್ದೆವು. ಒಂದೊಂದು ಹೋಳಿಗೂ ಕಣ್ಣಿರಬೇಕು. ಕಣ್ಣಿಲ್ಲದ ಹೋಳು ಮೊಳೆಯುವುದಿಲ್ಲ.

ಒಂದು ದಿನ ಉದಾರೀಕರಣ ಅಂದರೆ ಏನು ಗೊತ್ತೇನಮ್ಮ ಎಂದು ಕೇಳಿದರು. "ಉದಾರ ಅಂದ್ರೆ ಕೈಬಿಚ್ಚಿ ಕೊಡೋದಲ್ವಾ ಸಾ? ಯಾರು ಯಾರ್ಗೆ ಕೊಟ್ರು?" ಎಂದೆ. ಟೀ ಮೂಗಿಗೆ ಹತ್ತುವಷ್ಟು ನಕ್ಕು, ಚೀಟಿ ತೆಗೆದು ಅದನ್ನು ಬರೆದುಕೊಂಡರು. ಅವರ ಪುಸ್ತಕವೇ ಅದರ ಮೇಲಂತೆ. "ಮುಂಚೆ ದಣಿ ಎದುರಿಗೆ ನಿಂತು ಹೊಡೀತಿದ್ದ ಕಣಮ್ಮ. ಈಗ ನಿನ್ನ ತಲೆಯೊಳಗೇ ಬಂದು ಕೂತು, ನಿನ್ನ ಕೈಯಲ್ಲೇ ನಿನಗೆ ಹೊಡೆಸ್ತಾನೆ" ಎಂದರು. ನಾನು ನಂಬಲಿಲ್ಲ. ನನ್ನ ಗಂಡ ಬಾರುಕೋಲಿನಲ್ಲಿ ಬಾರಿಸಿದವನು. ಏಟು ಬರುವುದು ಹೊರಗಿನಿಂದ ಎಂದೇ ನನ್ನ ಲೆಕ್ಕ.

ಆ ವರ್ಷ ಗೋಡೌನಿನ ಸಾಹುಕಾರ ಗಡ್ಡೆ ಜರಡಿ ಹಿಡಿಯುವ ಮಿಷನ್ ತಂದ. ಜೊತೆಗೆ ಒಬ್ಬ ಕಂಟ್ರಾಕ್ಟರನ್ನೂ, ಅಚ್ಚು ಹಾಕಿಸಿದ ಕಾಗದವನ್ನೂ ತಂದ. ದಿನಾ ನಮ್ಮ ಹೆಸರು ಬರೆಯುತ್ತಿದ್ದ ಹಾಜರಿ ಪುಸ್ತಕ ಬೀರುವಿನೊಳಗೆ ಹೋಯಿತು. ನಾನು ಎರಡನೇ ಕ್ಲಾಸಿನವಳು, ಅಕ್ಷರ ಕೂಡಿಸಿ ಓದಬಲ್ಲೆ. ನಾನು ಸ್ವತಂತ್ರ ವ್ಯಕ್ತಿ, ಯಾರ ಆಳೂ ಅಲ್ಲ, ನನ್ನ ಕೈ, ನನ್ನ ಚಾಕು, ನನ್ನ ವ್ಯಾಪಾರ ಎಂದು ಅದರಲ್ಲಿತ್ತು. ಓದಿ ಎದೆ ಉಬ್ಬಿತು. ಸ್ವತಂತ್ರ ಎಂದರೆ ನನಗೆ ಶಾಲೆಯಲ್ಲಿ ಬಾವುಟ ಹಾರಿಸಿ ಪೆಪ್ಪರಮೆಂಟು ಕೊಟ್ಟ ದಿನ. ಮೊದಲು ನಾನೇ ಸೈನು ಹಾಕಿದೆ. ಉಳಿದವರು ನನ್ನ ಮಾತಿನ ಮೇಲೆ ಹೆಬ್ಬೆಟ್ಟು ಒತ್ತಿದರು. ನನ್ನ ನಾದಿನಿ ಹೆದರಿ ಹಿಂದೆ ಸರಿದಳು. ಅವಳ ಕೈ ಎಳೆದು ಇಂಕಿಗೆ ಅದ್ದಿ ನಾನೇ ಒತ್ತಿಸಿದೆ.

ಹನ್ನೊಂದನೆಯ ದಿನ ಅದೇ ಕೈಯನ್ನು ಮಿಷನ್ ಎಳೆದುಕೊಂಡಿತು. ಬೆಲ್ಟು ನಿಲ್ಲಿಸುವಷ್ಟರಲ್ಲಿ ಹೆಬ್ಬೆಟ್ಟೂ ಇರಲಿಲ್ಲ, ಪಕ್ಕದ ಎರಡು ಬೆರಳೂ ಇರಲಿಲ್ಲ. ಕಂಟ್ರಾಕ್ಟರನ ಬಾಯಿಂದ ಬಂದ ಮೊದಲ ಮಾತು, ರಕ್ತ ಹತ್ತಿದ ಗಡ್ಡೆ ಬೇರೆ ಮಾಡಿ ಎಂದು. ಆಸ್ಪತ್ರೆಗೆ ಗಾಡಿ ಕೇಳಿದರೆ ಕಾಗದ ತೋರಿಸಿದ. "ನಿಮ್ ಕೈ, ನಿಮ್ ವ್ಯಾಪಾರ. ಕೈ ಓಯ್ತು ಅಂದ್ರೆ ನಷ್ಟಾನೂ ನಿಮ್ದೇ ಕಣಮ್ಮಿ."

ಕಿರುಚಿದ್ದು ಕೇಳಿ ಮೇಷ್ಟ್ರು ಬನಿಯನ್ನಿನಲ್ಲೇ ಓಡಿಬಂದರು. ಹೆಗಲ ಟವೆಲನ್ನು ಅವಳ ಕೈಗೆ ಬಿಗಿದು ಆಟೋ ಹತ್ತಿಸಿದರು. ಆಮೇಲೆ ಕಾಗದ ಕಿತ್ತುಕೊಂಡು ಓದಿ, ಅವನ ಮುಖಕ್ಕೆ ಹಿಡಿದರು. "ಇವರು ಸ್ವತಂತ್ರರಾದರೆ ಈ ಗೇಟಿಗೆ ಬೀಗ ಯಾಕಪ್ಪಾ? ಬೀಗದ ಕೈ ಯಾರ ಸೊಂಟದಲ್ಲಿದೆ?" ಮೂರನೆಯ ಪ್ರಶ್ನೆಗೆ ಬಾಯಿ ತೆರೆದರು. ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆಯಿಂದ ಅವನು ಆ ಬಾಯಿಗೇ ಬಾರಿಸಿದ. ಬಿದ್ದವರ ಪಕ್ಕೆಗೆ ಒದ್ದ, ಮತ್ತೆ ಒದ್ದ.

ತಕ್ಕಡಿಯ ಐದು ಕೇಜಿ ಕಲ್ಲು ನನ್ನ ಕೈಗೆ ಸಿಕ್ಕಿತು. ಅವನ ಮೊಣಕಾಲಿಗೆ ಹಾಕಿದೆ. ಚಿಪ್ಪು ಒಡೆದದ್ದು ಎಲ್ಲರಿಗೂ ಕೇಳಿಸಿತು. ಇನ್ನೊಂದು ಕಾಲಿಗೂ ಎತ್ತಿದ್ದೆ. ಮೇಷ್ಟ್ರು ನೆಲದಿಂದಲೇ ನನ್ನ ಸೀರೆ ಹಿಡಿದು ಎಳೆದರು. ಬಾಯಿ ತುಂಬ ರಕ್ತ, ಮಾತು ಬರದು, ಬೇಡ ಎಂದು ತಲೆ ಆಡಿಸಿದರು. ವಾರದ ಮೇಲೆ ನನ್ನ ಮೇಲೆ ಕೇಸು ಬಿತ್ತು, ಎರಡು ವರ್ಷ ಕೋರ್ಟಿಗೆ ಅಲೆದೆ. ಹೊಡೆದದ್ದಕ್ಕೆ ನನಗೆ ಬೇಜಾರಿಲ್ಲ. ಹೆಬ್ಬೆಟ್ಟು ಒತ್ತಿಸಿದ್ದಕ್ಕೆ ಇದೆ. ಇವತ್ತಿಗೂ ನಾದಿನಿ ನೀರು ಕೊಟ್ಟರೆ ನಾನು ಲೋಟ ನೋಡುತ್ತೇನೆ, ಕೈ ನೋಡುವುದಿಲ್ಲ.

ಮೇಷ್ಟ್ರು ಹಲ್ಲು ಕಟ್ಟಿಸಿಕೊಳ್ಳಲಿಲ್ಲ. ಸ್ವತಂತ್ರ ಎನ್ನಲು ಹೋದರೆ ಬರೀ ಗಾಳಿ ಬರುತ್ತಿತ್ತು. ನಾನು ನಕ್ಕರೆ ಅವರೂ ನಗುವರು. "ಈ ಪದ ಹೇಳೋಕೆ ಹಲ್ಲಿರಬೇಕು ಕಣಮ್ಮ. ಪುಸ್ತಕದಲ್ಲಿ ಇದನ್ನ ಬರೆಯೋದು ಮರೆತಿದ್ದೆ." ಇನ್ನೊಂದು ಮಾತೂ ಹೇಳುತ್ತಿದ್ದರು. ನಾನು ಮಾತಿನಲ್ಲಿ ಹೊಡೆದೆ, ನೀನು ಕಲ್ಲಿನಲ್ಲಿ ಹೊಡೆದೆ, ಸಾಹುಕಾರನಿಗೆ ನಾಟಿದ್ದು ಎರಡೂ ಅಲ್ಲ, ನೀವು ಮಾರನೆಯ ದಿನ ಮಾಡಿದ್ದು ಎಂದು. ನಿಜ. ಅದು ಶುರುವಾದ ಮೂರನೇ ದಿನಕ್ಕೆ ಹಾಜರಿ ಪುಸ್ತಕ ಈಚೆಗೆ ಬಂತು. ಬೆರಳು ಬರಲಿಲ್ಲ.

ಅವರ ಪುಸ್ತಕ ಅಚ್ಚಾಗಲಿಲ್ಲ. ಪಕ್ಕೆಯ ನೋವು ಒಳಗೇ ಉಳಿದು, ಎಂಟನೇ ವರ್ಷಕ್ಕೆ ರಕ್ತ ಕಾರಿಕೊಂಡು ಹೋದರು. ಕೊನೆಗೆ ಮಂಚದ ಮೇಲೂ ನನ್ನಿಂದ ಕೇಳಿಕೊಂಡದ್ದು ಆ ಮಾರನೆಯ ಬೆಳಗಿನ ಕಥೆಯನ್ನೇ. ಆವತ್ತು ಅವರು ಆಸ್ಪತ್ರೆಯಲ್ಲಿದ್ದರು, ಕಂಡಿರಲಿಲ್ಲ. ಎಷ್ಟನೆಯ ಸಲವೋ, ಹೇಳಿದೆ.

ಹದವಾದ ಮಳೆ ಬಿದ್ದಿತ್ತು. ಬಿತ್ತನೆ ಗಡ್ಡೆ ಒಯ್ಯಲು ಕಟ್ಟಾಯದ ಕಡೆಯಿಂದಲೂ ರೈತರ ಟ್ರ್ಯಾಕ್ಟರು ಬಂದು ನಿಂತಿದ್ದವು. ನಾವು ಹತ್ತೊಂಬತ್ತು ಜನ ಗೇಟಿನ ಹೊರಗೆ ಕೂತೆವು, ಚಾಕು ಮಡಿಲಲ್ಲಿ. ಸಾಹುಕಾರನೇ ಬಂದು ಬೀಗ ತೆಗೆದ. "ಯಾಕ್ರವ್ವ ಕೂತ್ಬುಟ್ರಿ? ಬನ್ನಿ ಒಳೀಕೆ."

ನಾನು ಏಳಲಿಲ್ಲ. "ಇವತ್ತು ಕುಯ್ಯಾಕಿಲ್ಲ ಸಾ. ಆಜರಿ ಪುಸ್ತಕ ಈಚೆಗ್ ಬರ್ಲಿ. ನನ್ ನಾದ್ನಿ ಎಸ್ರು ಮೊದ್ಲು ಬರೀರಿ."

"ಅಂಗನ್ನಕ್ಕೆ ನೀ ಯಾರಮ್ಮಿ?"

ಹಿಂದಿನ ದಿನ ಮೇಷ್ಟ್ರ ಕೈಯಿಂದ ಬಿದ್ದಿದ್ದ, ರಕ್ತ ಹತ್ತಿದ ಕಾಗದವನ್ನು ಮಡಿಲಿಂದ ತೆಗೆದು ಬಿಚ್ಚಿದೆ. ಬೆರಳಿಟ್ಟು, ಒಂದೊಂದೇ ಅಕ್ಷರ, ಟ್ರ್ಯಾಕ್ಟರಿನವರಿಗೂ ಕೇಳುವ ಹಾಗೆ ಓದಿದೆ. ಸ್ವ. ತಂ. ತ್ರ. ನನ್ನ ಹಲ್ಲೆಲ್ಲ ಗಟ್ಟಿಯಾಗಿದ್ದವು.