ಕಿಟಕಿಯಾಚೆಯ ಕಿವಿಬಟ್ಟಲು

ಗಂಗಾಧರಸ್ವಾಮಿಯ ಸೈಕಲ್ ಅಂಗಡಿಗೆ ಬಾಗಿಲಿರಲಿಲ್ಲ. ತೆರಕಣಾಂಬಿಯಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಬದಿಯ ಊರೊಂದರಲ್ಲಿ, ತನ್ನ ಮನೆಯ ಜಗಲಿಗೇ ಒಂದು ತಡಿಕೆ ಕಟ್ಟಿಕೊಂಡು ಅದನ್ನು ಅಂಗಡಿ ಎನ್ನುತ್ತಿದ್ದ. ಪಂಕ್ಚರ್ ಹಾಕುವುದು, ಬೆಂಡಾದ ರಿಮ್ಮು ತಿದ್ದುವುದು, ಇಷ್ಟೇ ಕಸುಬು. ಜಂಗಮರ ಮನೆಯವನು ಮೈಗೆಲ್ಲ ಗ್ರೀಸು ಬಳಿದುಕೊಂಡು ಕೂರುತ್ತಾನಲ್ಲ ಎಂದು ಊರಿನವರು ಮೊದಮೊದಲು ಗೊಣಗಿದರು. ತಾವೂ ಸೈಕಲ್ಲು ಕೊಂಡ ಮೇಲೆ ಸುಮ್ಮನಾದರು. ಅಪ್ಪ ಸಾಯುವ ಮುಂಚೆ ಅವನು ಮೈಸೂರಿನ ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ ಕಸ ಗುಡಿಸಿಕೊಂಡು, ಬೆಸುಗೆ ಹಾಕಿಕೊಂಡು ಇದ್ದ. ಆ ಹುಚ್ಚು ಹಾಗೇ ಉಳಿದಿತ್ತು. ರೇಡಿಯೋ ಕೊಳ್ಳುವ ತಾಕತ್ತು ಮಾತ್ರ ಅವನ ವಂಶದಲ್ಲೇ ಯಾರಿಗೂ ಇರಲಿಲ್ಲ.

ರಾಚಯ್ಯ ಕೆರೆ ಕೆಳಗಿನ ಕೇರಿಯವನು. ಊರು ಮುಟ್ಟಿಸಿಕೊಳ್ಳದ ಕೇರಿ ಅದು. ಅವನು ಚಾಮರಾಜನಗರದ ಗುಜರಿ ಅಂಗಡಿಯಲ್ಲಿ ಹಳೇ ಕಬ್ಬಿಣ ಹೊರುತ್ತಿದ್ದ. ಅವನ ಸೈಕಲ್ಲಿನ ಒಂದೊಂದು ಭಾಗವೂ ಆ ಗುಜರಿಯಿಂದಲೇ ಬಂದದ್ದು. ಜೋಡಿಸಿ ನಿಲ್ಲಿಸಿದವನು ಗಂಗಾಧರಸ್ವಾಮಿ. ಕಬ್ಬಿಣಕ್ಕೆ ಮೈಲಿಗೆಯಿಲ್ಲ ಎಂದು ತನಗೆ ತಾನೇ ಒಂದು ಕಾನೂನು ಮಾಡಿಕೊಂಡಿದ್ದ. ಹಿತ್ತಿಲಲ್ಲಿ ಇಬ್ಬರೇ ಇದ್ದಾಗ ರಾಚಯ್ಯ ಅವನನ್ನು ಗಂಗಣ್ಣ ಎನ್ನುತ್ತಿದ್ದ. ರಸ್ತೆಯಲ್ಲಿ ಯಾರಾದರೂ ಕಂಡರೆ ಅದೇ ಬಾಯಿ ಒಡೆಯರನ್ನು ಕರೆಯುವ ಹಾಗೆ ಬುದ್ಧೀ ಎನ್ನುತ್ತಿತ್ತು. ಹೀಗೆಂದು ಇಬ್ಬರೂ ಮಾತಾಡಿಕೊಂಡಿರಲಿಲ್ಲ. ಊರೇ ಕಲಿಸಿಟ್ಟಿತ್ತು.

ಕನ್ನಡದ ಸೀಮೆಗಳೆಲ್ಲ ಒಂದಾದ ವರ್ಷ ಅದು. ಮುಟ್ಟಿದರೆ ಮೈಲಿಗೆ ಅನ್ನುವವನಿಗೆ ಶಿಕ್ಷೆ ಎಂದು ದಿಲ್ಲಿಯಲ್ಲಿ ಕಾಯಿದೆಯಾಗಿತ್ತು. ಆ ಕಾಯಿದೆ ಈ ರಸ್ತೆಯಲ್ಲಿ ಯಾವ ಬಸ್ಸಿನಿಂದಲೂ ಇಳಿದಿರಲಿಲ್ಲ. ಒಂದು ದಿನ ರಾಚಯ್ಯ ತಲೆಯ ವಸ್ತ್ರದ ಗಂಟು ಬಿಚ್ಚಿ, ಯುದ್ಧದ ಕಾಲದ ಒಡೆದ ಟೆಲಿಫೋನುಗಳಿಂದ ಕಿತ್ತ ಎರಡು ಕರೀ ಬಿಲ್ಲೆಗಳನ್ನು ಹಿತ್ತಿಲ ಕಲ್ಲಿನ ಮೇಲೆ ಇಟ್ಟ. ಕಿವಿಗೆ ಇಟ್ಟುಕೊಳ್ಳುವ ತುದಿಯಲ್ಲಿರುತ್ತದಲ್ಲ, ಅದು.

"ನೋಡು ಗಂಗಣ್ಣ, ಜೀವ ಅದಾ ಇದ್ರಲ್ಲಿ?"

ಗಂಗಾಧರಸ್ವಾಮಿ ಮುಚ್ಚಳ ತಿರುಗಿಸಿದ. ಒಳಗೆ ತೆಳ್ಳನೆ ತಗಡು, ತಗಡಿನ ಹಿಂದೆ ಅಯಸ್ಕಾಂತ, ಅದಕ್ಕೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿದ ಪುಟ್ಟ ಸುರುಳಿಗಳು. ಒಂದರ ತಂತಿ ತುಂಡಾಗಿತ್ತು. ಬೆಸುಗೆ ಹಾಕಿದ. ಮೈಸೂರಿನಿಂದ ತಂದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದ ರೇಡಿಯೋ ದನಿ ಹಿಡಿಯುವ ಹೊಳೆಯುವ ಹರಳೊಂದು ಅವನ ಬಳಿ ಇತ್ತು. ಬಿದಿರಿನ ಅಂಡೆಗೆ ತಂತಿ ಸುತ್ತಿ, ಹುಣಸೇಮರದಿಂದ ಸೂರಿಗೆ ಇನ್ನೊಂದು ತಂತಿ ಎಳೆದು, ಹರಳಿಗೆ ಸೂಜಿ ತಾಗಿಸಿದರೆ ರೇಡಿಯೋ ಸೆಟ್ಟು ಆಯಿತು. ಬ್ಯಾಟರಿ ಬೇಡ, ಕರೆಂಟು ಬೇಡ. ಬರುವುದು ಪಿಸುದನಿ, ಅದನ್ನು ಹಿಡಿಯಲು ಕಿವಿಗೆ ಅಂಟಿ ಕೂರುವ ಬಿಲ್ಲೆಗಳೇ ಆಗಬೇಕು. ಮಡ್‌ಗಾರ್ಡಿನ ಕಡ್ಡಿಯನ್ನು ತಲೆಯ ಅಳತೆಗೆ ಬಗ್ಗಿಸಿ, ಹಳೇ ಟ್ಯೂಬು ಸುತ್ತಿ, ಎರಡು ತುದಿಗೂ ಬಿಲ್ಲೆ ಕಟ್ಟಿದ. ಕಿವಿಗೆ ಒತ್ತದ ಹಾಗೆ ಹಳೇ ಸೀಟಿನ ಚರ್ಮಕ್ಕೆ ಬೂರುಗದ ಹತ್ತಿ ತುಂಬಿ, ಮೆತ್ತೆ ಮಾಡಿ ಹೊಲಿದವನು ರಾಚಯ್ಯ. ಊರು ಅದಕ್ಕೆ ಕಿವಿಬಟ್ಟಲು ಎಂದು ಹೆಸರಿಟ್ಟಿತು.

ಮೊದಲ ಸಲ ಬೆಂಗಳೂರಿನ ದನಿ ಬಂದ ಸಂಜೆ ಗಂಗಾಧರಸ್ವಾಮಿ ಅದನ್ನು ತಲೆಗೆ ಏರಿಸಿಕೊಂಡು ಕಣ್ಣು ಮುಚ್ಚಿದ. ವೀಣೆ ಬರುತ್ತಿತ್ತು. ಕಣ್ಣು ತೆರೆದಾಗ ರಾಚಯ್ಯನ ಎರಡೂ ಕೈ ಮುಂದೆ ಚಾಚಿದ್ದವು. ತಡಿ, ಇನ್ನೂ ಸರಿಯಾಗಿ ಕೇಳುಸ್ತಿಲ್ಲ ಎಂದ ಗಂಗಾಧರಸ್ವಾಮಿ. ಮರುದಿನ ಹರಳು ಕೈಕೊಟ್ಟಿದೆ ಎಂದ. ಆಮೇಲೊಂದು ದಿನ, ಅವ್ವ ಒಪ್ಪಲ್ಲ ಕಣ ರಾಚಯ್ಯ ಎಂದ. ಅವ್ವ ಶಾಂತಮಲ್ಲಮ್ಮ ಒಳಗೆ ಅವರೆಕಾಯಿ ಸುಲಿಯುತ್ತಿದ್ದಳು. ಅವಳನ್ನು ಅವನು ಕೇಳಿಯೇ ಇರಲಿಲ್ಲ. ರಾಚಯ್ಯ ಕೈ ಹಿಂದಕ್ಕೆ ತೆಗೆದುಕೊಂಡ. ಊರಿನ ಗಂಡಸರೆಲ್ಲ ಸರದಿಯಲ್ಲಿ ಬಂದು, ರಾಚಯ್ಯ ಹೊಲಿದ ಮೆತ್ತೆಯನ್ನು ಕಿವಿಗೆ ಒತ್ತಿಕೊಂಡು ವಾರ್ತೆ ಕೇಳಿ ಹೋದರು. ಚರ್ಮ ಯಾರು ಹೊಲಿದದ್ದು ಎಂದು ಒಬ್ಬನೂ ಕೇಳಲಿಲ್ಲ. ಯಾರ ತಲೆಗೆ ಏರಿದೆ ಎಂದು ಮಾತ್ರ ಪಟೇಲರು ವಿಚಾರಿಸಿದರು. ನಮ್ಮವರ ತಲೆಗೇ, ಬುದ್ಧಿ, ಎಂದು ಗಂಗಾಧರಸ್ವಾಮಿ ಹೇಳಿದ. ಹೇಳುವಾಗ ಸ್ಪ್ಯಾನರನ್ನು ಒರೆಸುತ್ತಿದ್ದ. ಅದು ಮೊದಲೇ ಚೊಕ್ಕಟವಾಗಿತ್ತು.

ರಾಚಯ್ಯ ಆಮೇಲೆ ಅದರ ಮಾತೆತ್ತಲಿಲ್ಲ. ಎತ್ತಿದ್ದು ಒಂದೇ ಸಲ. ಅವನ ಅಣ್ಣ ಪುಟ್ಟಮಾದಯ್ಯ ತಂಬೂರಿ ಪದ ಹೇಳುವವನು. ಯಾರೋ ಮೆಚ್ಚಿ ಅವನನ್ನು ಬೆಂಗಳೂರಿಗೆ ಕರೆಸಿದ್ದರು. ಬರುವ ಶುಕ್ರವಾರ ಸಂಜೆ ರೇಡಿಯೋದಲ್ಲಿ ಹಾಡುತ್ತಾನಂತೆ. ಕೇರಿಗೆ ಕೇರಿಯೇ ಬಸ್‌ಸ್ಟಾಂಡಿನವರೆಗೂ ಹೋಗಿ ಅವನನ್ನು ಹತ್ತಿಸಿ ಬಂದಿತ್ತು.

"ನಮ್ಮಣ್ಣನ ದನಿ ಒಂದ್ ಕಿತ ಕೇಳ್ಬೇಕು ಗಂಗಣ್ಣ. ಆಮೇಲೆ ನಾ ಕೇಳಕಿಲ್ಲ ಬುಡು."

ಇದಕ್ಕೆ ಇಲ್ಲವೆನ್ನಲು ಗಂಗಾಧರಸ್ವಾಮಿಗೆ ಬಾಯಿ ಬರಲಿಲ್ಲ. ಸರಿ ಎನ್ನುವ ಗಂಡಸುತನವೂ ಇರಲಿಲ್ಲ. ತಲೆ ಓಡಿಸಿದ. ಕಡ್ಡಿಯಿಂದ ಒಂದು ಬಟ್ಟಲನ್ನು ಬಿಚ್ಚಿ, ಅದಕ್ಕೆ ಉದ್ದ ತಂತಿ ಬೆಸೆದು, ಕಿಟಕಿಯಿಂದ ಆಚೆ ಹಿತ್ತಿಲಿಗೆ, ತಿಪ್ಪೆಯ ಪಕ್ಕದ ಕಲ್ಲಿನ ತನಕ ಎಳೆದ. ಒಳಗೆ ಊರಿನವರಿಗೊಂದು, ಹೊರಗೆ ರಾಚಯ್ಯನಿಗೊಂದು. ತನ್ನ ಬುದ್ಧಿವಂತಿಕೆಗೆ ತಾನೇ ಹಿಗ್ಗಿ ರಾಚಯ್ಯನಿಗೆ ತೋರಿಸಿದ. ರಾಚಯ್ಯ ಆ ತಂತಿಯನ್ನು ತುದಿಯಿಂದ ತುದಿಗೆ ನೋಡಿ ನಕ್ಕ.

"ಟೀ ಅಂಗ್ಡೀಲಿ ನಮ್ಗೆ ಗೋಡೆ ಮೂಲೇಲಿ ಗಲಾಸು ಮಡ್ಗವ್ರಲ್ಲ, ಅಂಗೇ ಮಾಡ್ಬುಟ್ಟಲ್ಲ ಗಂಗಣ್ಣ."

ಹೇಳಿ, ಕಲ್ಲಿನ ಧೂಳು ಒರೆಸಿ ಅಲ್ಲೇ ಕೂತು ಅಳತೆ ನೋಡಿದ. ಅಣ್ಣನ ದನಿ ಬೇಕಾಗಿತ್ತು ಅವನಿಗೆ.

ಶುಕ್ರವಾರ ಹೊತ್ತು ಇಳಿಯುತ್ತಿದ್ದ ಹಾಗೆ ಪಟೇಲರೂ ಇನ್ನು ನಾಲ್ಕಾರು ಹಿರಿಯರೂ ಬಂದು ಪಡಸಾಲೆಯಲ್ಲಿ ಕೂತರು. ಅಷ್ಟು ಜನಕ್ಕೆ ಒಂದು ಬಟ್ಟಲು ಹೇಗೆ ಸಾಕು? ಗಂಗಾಧರಸ್ವಾಮಿ ಅವ್ವನ ಊಟದ ಕಂಚಿನ ತಣಿಗೆ ಇಸಕೊಂಡು ಬಿಲ್ಲೆಯನ್ನು ಅದರೊಳಗೆ ಮಲಗಿಸಿದ. ಕಂಚು ದನಿಯನ್ನು ಎತ್ತಿಕೊಟ್ಟಿತು. ಹಿತ್ತಿಲಲ್ಲಿ ರಾಚಯ್ಯ ಎರಡೂ ಕೈಯಲ್ಲಿ ತನ್ನ ಬಿಲ್ಲೆಯನ್ನು ಕಿವಿಗೆ ಅವಚಿಕೊಂಡು ಕೂತಿದ್ದ. ಕಿಟಕಿಯಿಂದ ಅವನ ಬೆನ್ನು ಕಾಣುತ್ತಿತ್ತು.

ಪುಟ್ಟಮಾದಯ್ಯನ ಹೆಸರು ಹೇಳಿದರು. ತಂಬೂರಿ ಮಿಡಿಯಿತು. ರಾಚಯ್ಯನ ಬೆನ್ನು ನೆಟ್ಟಗಾಯಿತು. ಕೇರಿಯವನ ದನಿ ಜಂಗಮರ ಮನೆಯ ಕಂಚಿನ ತಣಿಗೆಯಲ್ಲಿ ಕೂತು ಹಾಡಿತು. ಹಿರಿಯರು ತಲೆದೂಗಿದರು. ದನಿಗೆ ಅಡ್ಡಿಯಿರಲಿಲ್ಲ, ಅಡ್ಡಿಯಿದ್ದದ್ದು ಕಿವಿಗೆ.

"ಸಣ್ಣಕೆ ಕೇಳುಸ್ತದೆ ಕಣ್ಲಾ," ಎಂದರು ಪಟೇಲರು. "ಆಚೆಗೆ ಅರ್ಧ ಓಯ್ತಾ ಅದಲ್ಲ, ಅದ ಇತ್ಲಾಗೆ ತಿರುಗ್ಸು."

ಗಂಗಾಧರಸ್ವಾಮಿಗೆ ಅದು ಆಗುತ್ತದೆ ಎಂದು ಗೊತ್ತಿತ್ತು. ಎರಡು ಬಿಲ್ಲೆಯೂ ಒಂದೇ ದಾರದ ಮಣಿಗಳು. ಆಚೆಗೆ ಹೋಗುವ ಎರಡು ತಂತಿಯನ್ನು ಇಲ್ಲೇ ಕೂಡಿಸಿ ಹೊಸೆದರೆ ಆಚೆಯದು ಸಾಯುತ್ತದೆ, ಈಚೆಯದು ಜೋರಾಗುತ್ತದೆ. ಆಗೋದಿಲ್ಲ ಬುದ್ಧಿ, ಸೆಟ್ಟು ಕೆಡುತ್ತದೆ ಎಂದು ಒಂದು ಸುಳ್ಳು ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ರಾಚಯ್ಯನಿಗೆ ಸುಳ್ಳುಗಳನ್ನು ಸಾಲಾಗಿ ಹೇಳಿದ್ದ ನಾಲಿಗೆ ಪಟೇಲರ ಮುಂದೆ ಒಂದನ್ನೂ ಹೇಳಲಿಲ್ಲ. ಅವನ ಬೆರಳು ತಂತಿ ಹೊಸೆಯಿತು.

ತಣಿಗೆ ಗಟ್ಟಿಯಾಗಿ ಹಾಡಿತು. ಆಹಾ ಎಂದರು. ಕಿಟಕಿಯ ಆಚೆ ರಾಚಯ್ಯ ಬಿಲ್ಲೆಯನ್ನು ತಟ್ಟಿದ, ಊದಿದ, ಇನ್ನೊಂದು ಕಿವಿಗೆ ಇಟ್ಟುಕೊಂಡ. ಆಮೇಲೆ ಕಿಟಕಿಯ ಕಡೆ ತಿರುಗಿದ. ಒಳಗಿನ ಹಾಡು ಅಲ್ಲಿಗೆ ಅಸ್ಪಷ್ಟವಾಗಿ, ಯಾರದೋ ಮನೆಯ ಗಲಾಟೆಯ ಹಾಗೆ ಕೇಳುತ್ತಿದ್ದಿರಬೇಕು. ಗಂಗಾಧರಸ್ವಾಮಿಯ ಬೆರಳುಗಳನ್ನೇ ನೋಡಿದ. ಪದ ಮುಗಿಯುವ ಮುಂಚೆ ಬಿಲ್ಲೆಯನ್ನು ಕಲ್ಲಿನ ಮೇಲೆ ಮೆತ್ತಗೆ ಇಟ್ಟು ಹೋದ.

ಎಲ್ಲರೂ ಎದ್ದು ಹೋದ ಮೇಲೆ ಶಾಂತಮಲ್ಲಮ್ಮ ತಣಿಗೆ ತೊಳೆಯಲು ಎತ್ತಿಕೊಂಡಳು. ಊರಲ್ಲಿ ಏನೋ ಅವಳ ಕಿವಿಗೆ ಬಿದ್ದಿತ್ತು.

"ನಾ ಒಪ್ಪಲ್ಲ ಅಂದ್ಯಂತೆ ಅವುನ್ಗೆ. ನನ್ನ ಯಾವತ್ಲಾ ಕೇಳ್ದೆ?"

"ಕೇಳಿದ್ರೆ ಒಪ್ತಿದ್ಯಾ ಅವ್ವ?"

"ಇಲ್ಲ," ಎಂದಳು ಅವಳು. "ಆದ್ರೂವೆ ನನ್ನ ಬೆನ್ನಿಂದೆ ಅವಿತ್ಕಬಾರ್ದಾಗಿತ್ತು ನೀನು."

ಆ ಮಾತು ನಾಟಿತು. ಉಣ್ಣುವಾಗ ನಾಟಿತು, ಟ್ಯೂಬಿಗೆ ಗಾಳಿ ಹೊಡೆಯುವಾಗ ನಾಟಿತು. ಎರಡು ಬಟ್ಟಲನ್ನೂ ಮತ್ತೆ ಕಡ್ಡಿಗೆ ಕಟ್ಟಿ, ಸೆಟ್ಟನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಗಂಗಾಧರಸ್ವಾಮಿ ಹಾಡಹಗಲೇ ಕೇರಿಗೆ ಹೋದ. ಅಲ್ಲಿಯ ತನಕ ನಡೆದದ್ದೇ ದೊಡ್ಡದೆಂದು ದಾರಿಯಲ್ಲಿ ಅಂದುಕೊಂಡ. ಪುಟ್ಟಮಾದಯ್ಯ ಬೆಂಗಳೂರಿನಿಂದ ಬಂದಿದ್ದ. ಜಗಲಿಯಲ್ಲಿ ತಂಬೂರಿಯ ತಂತಿ ಬಿಗಿಯುತ್ತಿದ್ದ. ರಾಚಯ್ಯ ಪಕ್ಕದಲ್ಲಿ ಮೊಣಕಾಲಿಗೆ ಕೈ ಕಟ್ಟಿ ಕೂತಿದ್ದ. ಇದು ನಿಂದೇ, ಇಟ್ಕೊ ಎಂದು ಗಂಗಾಧರಸ್ವಾಮಿ ಗಂಟು ಮುಂದೆ ಹಿಡಿದ.

"ನಂಗ್ಯಾಕೆ ಬುದ್ಧಿ?" ಎಂದ ರಾಚಯ್ಯ. ಅಲ್ಲಿ ಊರಿನವರು ಒಬ್ಬರೂ ಇರಲಿಲ್ಲ. "ನಮ್ಮಣ್ಣ ಇಲ್ಲೇ ಕೂತವ್ನೆ. ತಂತಿ ಬೇಕಿಲ್ಲ. ನೀವು ಕೇಳಂಗಿದ್ರೆ ಬನ್ನಿ, ಕೂತ್ಕಳಿ."

ಚಾಪೆಯನ್ನು ಸರಿಸಿ ಜಾಗ ಮಾಡಿದ. ತಮಾಷೆಗಲ್ಲ, ಚುಚ್ಚುವುದಕ್ಕೂ ಅಲ್ಲ. ಗಂಗಾಧರಸ್ವಾಮಿ ಆ ಜಾಗವನ್ನು ನೋಡಿದ. ಕೆರೆ ಏರಿಯ ಮೇಲೆ ಊರಿನ ಗಾಡಿಯೊಂದು ಬರುತ್ತಿದ್ದುದನ್ನೂ ನೋಡಿದ. ಅಂಗಡಿ ತೆಗೆದೇ ಬಂದುಬಿಟ್ಟಿದ್ದೇನೆ, ಹೋಗಬೇಕು ಎಂದ. ಬಾಗಿಲೇ ಇಲ್ಲದ ಅಂಗಡಿ ಎಂದು ರಾಚಯ್ಯನಿಗೆ ಗೊತ್ತಿತ್ತು. ಆಗಲಿ ಬುದ್ಧಿ ಎಂದ.

ಕಿವಿಬಟ್ಟಲು ಅಂಗಡಿಯ ಮೊಳೆಗೆ ನೇತುಬಿತ್ತು. ಕೇಳಿದವರಿಗೆಲ್ಲ ಕೆಟ್ಟಿದೆ ಎನ್ನುತ್ತಿದ್ದ. ಅದು ಕೆಟ್ಟಿರಲಿಲ್ಲ. ಮೆತ್ತೆಯ ಚರ್ಮ ಬಿಸಿಲಿಗೆ ಸೆಟೆದುಕೊಂಡಿತು. ಹೊಲಿಗೆ ಮಾತ್ರ ಒಂದೆಳೆ ಬಿಚ್ಚಲಿಲ್ಲ.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ರಾಚಯ್ಯ ತೆರಕಣಾಂಬಿ ಕಡೆಯಿಂದ ಸೈಕಲ್ಲು ತಳ್ಳಿಕೊಂಡು ಬಂದ. ಹಿಂದಿನ ಚಕ್ರ ನೆಲ ಕಚ್ಚಿತ್ತು. ಗಂಗಾಧರಸ್ವಾಮಿ ನೀರಿನ ಬೋಗುಣಿ ಮುಂದಕ್ಕೆ ಎಳೆದುಕೊಂಡು, ರಬ್ಬರ್ ಪಟ್ಟಿ ಕತ್ತರಿಸಿ ಕಾದ. ರಾಚಯ್ಯ ಜಗಲಿಯ ಮುಂದೆ ಬಂದಾಗ ತಲೆಯ ವಸ್ತ್ರ ಸರಿಮಾಡಿಕೊಂಡು ಕೈ ಮುಗಿದ. ಮುಗಿದು, ಗಾಳಿಯಿಲ್ಲದ ಸೈಕಲ್ಲನ್ನು ಗುಂಡ್ಲುಪೇಟೆಯ ಕಡೆಗೆ ತಳ್ಳಿಕೊಂಡು ಹೋದ.