ಮಾಯಪ್ಪನ ಮುಷ್ಟಿಯೊಳಗಿನದು

ಮಗಳ ಲಗ್ನಕ್ಕೆ ಹನ್ನೊಂದು ದಿನ ಉಳಿದಿರುವಾಗ ಯಮನವ್ವ ತನ್ನ ಗಂಡನ ಅಣ್ಣ ವೀರಪ್ಪನ ಮುಂದೆ ಸೆರಗು ಸರಿಮಾಡಿಕೊಂಡು ಬಂದು ನಿಂತಳು.

"ಭಾವಾರ, ಲಕ್ಷ್ಮೀ ಲಗ್ನಕ್ಕ ನೀವ ಊದಬೇಕು. ಖರೆ, ಆ ಟ್ರಂಪೆಟ್ ಮಾತ್ರ ತರಬ್ಯಾಡ್ರಿ."

"ಯಾಕವ್ವಾ? ಇಪ್ಪತ್ತೈದ ವರ್ಷ ಅದನ್ನ ಊದೇನಿ."

"ಅದರಾಗ ನಮ್ಮನಿಯವರ ಉಸಿರ ಕೇಳತೈತ್ರಿ. ನೀವು ಹಿತ್ತಲದಾಗ ಊದಿದ ದಿನ ನನಗ ಗೊತ್ತಿಲ್ಲದಂಗ ಊಟಕ್ಕ ಒಂದ ತಾಟ ಹೆಚ್ಚಿಗಿ ಇಟ್ಟಿರತೇನಿ. ಆಮ್ಯಾಲೆ ಎತ್ತಿಡೂದು. ಲಗ್ನದ ದಿನ ನನ್ನ ಕಡಿಂದ ಆಗೂದಿಲ್ಲ."

ಆ ಉಸಿರು ವೀರಪ್ಪನಿಗೂ ಕೇಳುತ್ತಿತ್ತು.

ವೀರಪ್ಪ, ಯಮನವ್ವನ ಗಂಡ ಮಾಯಪ್ಪ ಇಬ್ಬರೂ ಮೂಡಲಗಿಯ ಕುರಿಗಾರರ ಮನೆಯ ಮಕ್ಕಳು. ತಂದೆಯದು ಡೊಳ್ಳು. ಮಕ್ಕಳು ಬ್ಯಾಂಡ್ ಕಂಪನಿ ಸೇರಿ ಒಂದೇ ದಿನ, ಒಂದೇ ಅಂಗಡಿಯಿಂದ, ಒಂದೇ ತರಹದ ಎರಡು ಟ್ರಂಪೆಟ್ ತಂದರು. ಅಣ್ಣ ಪ್ರಶ್ನೆ ಕೇಳುವಂತೆ ಒಂದು ಸಾಲು ಊದುವುದು, ತಮ್ಮ ಅವನ ಎಡಕ್ಕೆ ನಿಂತು ಅದಕ್ಕೆ ಉತ್ತರ ಊದುವುದು. ಜನ ಅದನ್ನು ಸವಾಲು-ಜವಾಬು ಎಂದು ಕರೆದು ಮೆರವಣಿಗೆ ನಿಲ್ಲಿಸಿ ಕೇಳುತ್ತಿದ್ದರು. ಮೊದಮೊದಲು ಇಬ್ಬರ ದನಿಯೂ ಒಂದೇ ಆಗಿತ್ತು. ಬರಬರುತ್ತ ಅಣ್ಣನದು ತೆಳ್ಳಗೆ, ಚೂಪಾಗಿಯೇ ಉಳಿಯಿತು. ತಮ್ಮನದು ಗುಂಡಗಾಯಿತು, ಕೊಡದೊಳಗಿಂದ ಬಂದಂತೆ.

ಮೂರು ವರ್ಷದ ಹಿಂದೆ ಹುಕ್ಕೇರಿಯ ಒಂದು ಮೆರವಣಿಗೆಯಲ್ಲಿ ಅಣ್ಣ ಸವಾಲು ಊದಿದ. ಜವಾಬು ಬರಲಿಲ್ಲ. ತಿರುಗಿ ನೋಡಿದರೆ ಮಾಯಪ್ಪ ಯಾರದೋ ಮನೆಯ ಕಟ್ಟೆಯ ಮೇಲೆ ಕೂತಿದ್ದ, ಟ್ರಂಪೆಟ್ ತೊಡೆಯ ಮೇಲಿತ್ತು. ಎಬ್ಬಿಸಿದರೆ ಏಳಲಿಲ್ಲ.

ಅವರ ಕಂಪನಿಯಲ್ಲಿ ಒಂದು ರೂಢಿಯಿದೆ. ಊದುವವನು ತೀರಿಕೊಂಡರೆ ಅವನ ತುಟಿ ತಾಗುತ್ತಿದ್ದ ಮೌತ್‌ಪೀಸನ್ನು, ಟ್ರಂಪೆಟ್ಟಿನ ತುದಿಗೆ ಸಿಕ್ಕಿಸುವ ಆ ಸಣ್ಣ ಬಟ್ಟಲನ್ನು, ಅವನ ಮುಷ್ಟಿಯಲ್ಲಿಟ್ಟೇ ಮಣ್ಣು ಮಾಡಬೇಕು. ಅವನ ಉಸಿರು ಅವನ ಸಂಗಡ ಹೋಗಬೇಕು, ಮನೆಯಲ್ಲಿ ಉಳಿಯಬಾರದು. ಅಂದು ಎರಡೂ ಟ್ರಂಪೆಟ್ ಒಂದೇ ಕಂಬಳಿಯ ಮೇಲಿದ್ದವು. ವೀರಪ್ಪನೇ ಮೌತ್‌ಪೀಸ್ ಕಿತ್ತು, ಭಂಡಾರದ ಅರಿಶಿನ ಹಚ್ಚಿ, ತಮ್ಮನ ತಣ್ಣನೆಯ ಬೆರಳುಗಳನ್ನು ಅದರ ಸುತ್ತ ಮಡಿಸಿದ.

ಒಂದು ವರ್ಷ ಅವನು ಊದಲಿಲ್ಲ. ಮತ್ತೆ ತುಟಿಗೆ ಹಚ್ಚಿದ ದಿನ ಹೊರಗೆ ಬಂದದ್ದು ಅವನ ದನಿಯಲ್ಲ, ತಮ್ಮನದು. "ಮಾಯಪ್ಪ ನಿನ್ನ ಮೈಯಾಗ ಬಂದಾನ" ಎಂದು ಕಂಪನಿಯವರು ಹೊಗಳಿದರು. ವೀರಪ್ಪ ಬೀರದೇವರ ಗುಡಿಗೆ ಹೋಗಿ ಟ್ರಂಪೆಟ್ಟಿಗೆ ಭಂಡಾರ ಹಾರಿಸಿದ, ಕೈಮುಗಿದ. ದನಿ ಬದಲಾಗಲಿಲ್ಲ.

ಯಮನವ್ವ ಹೇಳಿದ ಮರುದಿನವೇ ಅವನು ಗೋಕಾಕದ ಗುರುಲಿಂಗಪ್ಪನ ಅಂಗಡಿಗೆ ಹೋದ. ಮುದುಕ ವಾದ್ಯಗಳ ರಿಪೇರಿ ಮಾಡುವವ. ಬೇರೆ ಟ್ರಂಪೆಟ್ ಬೇಕು ಎಂದಿದ್ದಕ್ಕೆ ಅವನು ಗಲ್ಲಾದ ಮೇಲೆ ಎರಡನ್ನು ಇಟ್ಟ.

"ಎರಡೂ ದೊಡ್ಡ ಆರ್ಕೆಸ್ಟ್ರಾದವ್ರು ಊದೂ ಮಾಲು. ಪುಣೇದಾಗ ಮಿಲಿಟರಿ ಬ್ಯಾಂಡಿನಾಂವ ಒಬ್ಬ ಕೊಟ್ಟಾನ."

"ಎರಡಕ್ಕೂ ಏನ ಫರಕ್ ಐತಿ ಕಾಕಾ?"

"ಮಾಡೆಲ್ ನಂಬರಿನ ಕಡೀ ಅಂಕಿ. ಒಂದರ ಕೊಳವಿ ಕೂದಲೆಳಿಯಷ್ಟು ಅಗಲ. ಹೆಣ್ಣ ನೋಡಾಕ ಬಂದಾಂವನಂಗ ಸುಮ್ನ ಕುಂತ ನೋಡಿದ್ರ ಏನ ತಿಳಿತೈತಿ? ಊದಿ ನೋಡ."

ವೀರಪ್ಪ ತನ್ನ ಮೌತ್‌ಪೀಸ್ ಸಿಕ್ಕಿಸಿ ಮೊದಲನೆಯದನ್ನು ಊದಿದ. ಮಾಯಪ್ಪ ಓಣಿಯ ಆಚೆ ನಿಂತು ಉತ್ತರ ಕೊಟ್ಟಂತಾಯಿತು. ಎರಡನೆಯದನ್ನು ಊದಿದ. ಈಗ ಮಾಯಪ್ಪ ಕಿವಿಯ ಹತ್ತಿರವೇ ನಿಂತಿದ್ದ. ಎರಡರ ಫರಕ್ ಅಷ್ಟೇ.

ಅವನು ಟ್ರಂಪೆಟ್ ಕೆಳಗಿಟ್ಟ. "ಎರಡರಾಗೂ ಅದಾನ್ರಿ."

"ಯಾರು?"

"ನಮ್ಮ ಮಾಯಾ."

ಗುರುಲಿಂಗಪ್ಪ ನಗಲಿಲ್ಲ. ಮೌತ್‌ಪೀಸ್ ಇಸಿದುಕೊಂಡು, ಬಟ್ಟಲೊಳಗೆ ಕಿರುಬೆರಳು ಆಡಿಸಿ, ಬಾಗಿಲ ಬೆಳಕಿಗೆ ಹಿಡಿದ.

"ವೀರಪ್ಪಾ, ಇದು ನಿಂದಲ್ಲ."

"ನಂದ ಅಲ್ಲೇನ್ರಿ ಅದು?"

"ಹೊರಗಿಂದ ನಿಮ್ಮಿಬ್ಬರವೂ ಒಂದ. ಒಳಗ ಆಳ ಮಾಡಿ ಕೊಡ ಅಂತ ನಿನ್ನ ತಮ್ಮ ಬೆನ್ನ ಹತ್ತಿದ್ದ. ಇದೇ ಲೇತಿನ ಮ್ಯಾಲೆ ನಾನ ಕೊರದೇನಿ. ಇಲ್ಲಿ ಗೀರು ನೋಡ, ನನ್ನ ಕೆಲಸ ನನಗ ಗುರತ ಸಿಗೂದಿಲ್ಲೇನ? ಅಣ್ಣಗ ಹೇಳಬ್ಯಾಡ ಅಂದಿದ್ದ. ದನಿ ಒಂದ ಆದ್ರ ಜನಾ ಇಬ್ಬರನ್ನೂ ಒಬ್ಬನ ಅಂತ ತಿಳಿತಾರ, ನಂದು ಬ್ಯಾರೆ ಇರಲಿ ಅಂದ."

ವೀರಪ್ಪನಿಗೆ ಎರಡೂ ಟ್ರಂಪೆಟ್ ಇದ್ದ ಆ ಕಂಬಳಿ ನೆನಪಾಯಿತು. ಮೂರು ವರ್ಷದಿಂದ ಮಣ್ಣಿನೊಳಗೆ ತಮ್ಮನ ಮುಷ್ಟಿಯಲ್ಲಿರುವುದು ತನ್ನದು. ಹೂತದ್ದು ತನ್ನ ಉಸಿರು, ಮನೆಯಲ್ಲಿ ಉಳಿದದ್ದು ತಮ್ಮನ ಉಸಿರು. ಬಾಯಿಯಲ್ಲಿ ಮಣ್ಣಿನ ರುಚಿ ಬಂದಂತಾಯಿತು.

ಮುದುಕ ಪೆಟ್ಟಿಗೆ ಜಾಲಾಡಿ ಅದೇ ಜಾತಿಯ, ಕೊರೆಯದ ಒಂದನ್ನು ಕೊಟ್ಟ. ವೀರಪ್ಪ ಊದಿದ. ತೆಳ್ಳನೆಯ ಚೂಪು ದನಿ ಅಂಗಡಿಯ ತಗಡಿಗೆ ಬಡಿಯಿತು. ತನ್ನದೇ ದನಿಗೆ ಅವನು ಬೆಚ್ಚಿದ.

"ಈಗ ಹೇಳ, ಇವೆರಡರಾಗ ಯಾವುದು?"

"ಎರಡೂ ಬ್ಯಾಡ್ರಿ. ಈ ಮೌತ್‌ಪೀಸ್ ಒಂದ ಸಾಕು."

"ಭಲೇ! ಮುಂಜಾನಿಂದ ನನ್ನ ತಲಿ ತಿಂದು ಗುಬ್ಬಿ ಮೂತಿಯಷ್ಟ ಸಾಮಾನು ಒಯ್ಯತಿ."

ವೀರಪ್ಪ ಊರಿನ ಬಸ್ ಹತ್ತದೆ ಧುಪದಾಳಕ್ಕೆ ಹೋಗಿ ಹೊಳೆಯ ಒಡ್ಡಿನ ಮೇಲೆ ನಿಂತ. ತಮ್ಮನ ಮೌತ್‌ಪೀಸನ್ನು ಹೊಳೆಗೆ ಬಿಟ್ಟರೆ ಮುಗಿಯಿತು ಎಂದುಕೊಂಡಿದ್ದ. ಕೆಳಗೆ ಬೀಳುವ ನೀರು ಗುಂಡಗೆ ಸದ್ದು ಮಾಡುತ್ತಿತ್ತು, ಕೊಡದೊಳಗಿಂದ ಬಂದಂತೆ. ಮುಷ್ಟಿ ಬಿಚ್ಚಲು ಬೆರಳು ಒಪ್ಪಲಿಲ್ಲ.

ಮನೆಗೆ ಬಂದು ಎರಡೂ ಮೌತ್‌ಪೀಸನ್ನು ಯಮನವ್ವನ ಮುಂದಿಟ್ಟು ಎಲ್ಲ ಹೇಳಿದ. "ನನ್ನ ತಪ್ಪವ್ವಾ. ನಾ ಅವನ್ನ ಹೋಗಾಕ ಬಿಡಲಿಲ್ಲ. ನಾಳೆನ ಅವನದನ್ನ ಅವನ ಮಣ್ಣಾಗ ಇಟ್ಟ ಬರತೇನಿ."

ಅವಳು ಬಗ್ಗಿ ನೋಡಿದಳು, ಮುಟ್ಟಲಿಲ್ಲ.

"ಹಂಗಾದ್ರ ಅವರ ಕೈಯಾಗ ನಿಮ್ಮದೈತೇನ್ರಿ?"

"ಹೂಂ."

"ಅಲ್ಲಿ ಅವರು ಒಬ್ಬಂಟಿ ಅಲ್ಲ ಬಿಡ್ರಿ, ಹಂಗಾದ್ರ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಳೆ ಬ್ಯಾಡ್ರಿ ಭಾವಾರ. ಲಗ್ನ ಆಗಲಿ. ಮಗಳಿಗೆ ಅಕ್ಕಿಕಾಳ ಹಾಕಾಕ ಅಪ್ಪ ಬರದಿದ್ರ ಹ್ಯಾಂಗ? ಅದೊಂದ ಸರ್ತಿ ತಡಕೋತೇನಿ."

ಲಗ್ನ ಬೀಗರ ಊರು ದಡ್ಡಿಯಲ್ಲಿ. ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ವೀರಪ್ಪ ಹೊಸ ಮೌತ್‌ಪೀಸ್ ಸಿಕ್ಕಿಸಿ ಸವಾಲು ಊದಿದ. ಅದನ್ನು ಕಿತ್ತು ತಮ್ಮನದನ್ನು ಸಿಕ್ಕಿಸುವಷ್ಟು ಹೊತ್ತು ಹಂದರವೆಲ್ಲ ಸುಮ್ಮನಾಯಿತು. ಆಮೇಲೆ ಜವಾಬು ಬಂತು. ಬಾಸಿಂಗ ಕಟ್ಟಿದ ಲಕ್ಷ್ಮೀ ಥಟ್ಟನೆ ತಲೆಯೆತ್ತಿದಳು. ನೋಡಿದ್ದು ದೊಡ್ಡಪ್ಪನ ಕಡೆಗಲ್ಲ, ಅವನ ಎಡಕ್ಕೆ, ಯಾರೂ ನಿಲ್ಲದ ಜಾಗಕ್ಕೆ. ಯಮನವ್ವ ಎತ್ತಿದ ಕೈಯಲ್ಲಿ ಅಕ್ಕಿ ಹಿಡಿದುಕೊಂಡೇ ಇದ್ದಳು. ಜವಾಬಿನ ಕೊನೆಯ ಸ್ವರ ನಿಂತ ಮೇಲೆ ಅಕ್ಕಿಕಾಳು ಹಾಕಿದಳು.

ಮರುದಿನ ವೀರಪ್ಪ ಮೂಡಲಗಿಯಲ್ಲಿ ತಮ್ಮನನ್ನು ಹೂತ ಮಣ್ಣನ್ನು ಗೇಣಾಳ ಅಗೆದು ಅವನ ಮೌತ್‌ಪೀಸ್ ಇಟ್ಟು ಮುಚ್ಚಿದ. ತನ್ನದನ್ನು ಹುಡುಕಲು ಹೋಗಲಿಲ್ಲ.

ಯಮನವ್ವ ಈಗ ಹೆಚ್ಚಿನ ತಾಟು ಇಡುವುದಿಲ್ಲ. ವೀರಪ್ಪನ ದನಿ ಮೊದಲಿನಂತೆ ಚೂಪಾಗಿದೆ. ಆದರೆ ಸವಾಲು ಊದಿದ ಮೇಲೆ ಅವನು ಟ್ರಂಪೆಟ್ ಇಳಿಸಿ ಎರಡು ಉಸಿರಿನಷ್ಟು ಹೊತ್ತು ಎಡಕ್ಕೆ ಕಿವಿಗೊಟ್ಟು ನಿಲ್ಲುತ್ತಾನೆ. ಅಷ್ಟು ಹೊತ್ತು ಕಂಪನಿಯಲ್ಲಿ ಯಾರೂ ಡ್ರಮ್ ಮುಟ್ಟುವುದಿಲ್ಲ.