ಮಂಚದ ಕೆಳಗಿನ ಚಪ್ಪಲಿ

ನಮ್ಮ ದೊಡ್ಡಮ್ಮ ಮೂವತ್ತೊಂದು ವರ್ಷದಿಂದ ಗಂಡಸರ ವಾರ್ಡಿನ ಹೆಡ್ ಸಿಸ್ಟರ್. ನಾನು ಅದೇ ಆಸ್ಪತ್ರೆಯ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ಇಂಜೆಕ್ಷನ್ ಕೊಡುವಾಗ ನನ್ನ ಕೈ ಈಗಲೂ ನಡುಗುತ್ತದೆ. ಆದರೆ ಶುಶ್ರೂಷೆಯ ಸಿದ್ಧಾಂತದ ಬಗ್ಗೆ ಕೇಳಿ, ಎರಡು ಗಂಟೆ ನೀರು ಕುಡಿಯದೆ ಮಾತಾಡಬಲ್ಲೆ. ಈ ವರ್ಷ ದೊಡ್ಡಮ್ಮ ನನ್ನ ವಿದ್ಯಾರ್ಥಿನಿಯಾದಳು. ತಪ್ಪು ನನ್ನದಲ್ಲ, ಆಡಳಿತದ್ದು.

ಹೆಡ್ ಸಿಸ್ಟರುಗಳೆಲ್ಲ ‘ರೋಗಿಯ ಆಧ್ಯಾತ್ಮಿಕ ಆರೈಕೆ’ ಎಂಬ ಕೋರ್ಸು ಪಾಸು ಮಾಡಬೇಕೆಂದು ಸುತ್ತೋಲೆ ಬಂದಿತ್ತು. ಪಾಸಾಗದವರು ವಾರ್ಡು ಬಿಟ್ಟು ಬಟ್ಟೆ ಉಗ್ರಾಣಕ್ಕೆ ಹೋಗಬೇಕು. ನಿವೃತ್ತಿಗೆ ಇನ್ನು ಎರಡೇ ವರ್ಷವಿದ್ದ ದೊಡ್ಡಮ್ಮನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆಯಿಲ್ಲ.

“ಬೆಡ್‌ಶೀಟು ನೋವು ಅನ್ನುತ್ತಾ? ನೀರು ಕೇಳುತ್ತಾ? ಅಲ್ಲಿ ಕೂತು ನಾನೇನು ಮಾಡ್ಲಿ?” ಎಂದು, ಸುತ್ತೋಲೆ ಬರೆದವಳು ನಾನೇ ಎಂಬಂತೆ ಹರಿಹಾಯ್ದಳು.

ಆದರೂ ಕ್ಲಾಸಿಗೆ ತಪ್ಪದೆ ಬಂದಳು. ಮೊದಲ ಬೆಂಚಿನಲ್ಲೇ ಕೂತಳು. ಮನುಷ್ಯ ಚರ್ಮದ ಹತ್ತಿರ ಮುಗಿಯುವುದಿಲ್ಲ, ಅವನ ಸುತ್ತ ಚೈತನ್ಯದ ಒಂದು ವಲಯವಿದೆ, ನಿಜವಾದ ನರ್ಸು ಅದನ್ನು ಮುಟ್ಟದೆಯೇ ಅರಿಯುತ್ತಾಳೆ ಎಂದು ನಾನು ಕಣ್ಣು ಅರೆಮುಚ್ಚಿ ವಿವರಿಸುತ್ತಿದ್ದೆ. ದೊಡ್ಡಮ್ಮ ಕೈ ಎತ್ತಿದಳು.

“ಮೇಡಂ, ಆ ವಲಯಕ್ಕೂ ಮೈ ಒರೆಸ್ಬೇಕಾ?”

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಸಂಜೆ ಮನೆಯಲ್ಲಿ ನಾನು ಮುಖ ಊದಿಸಿಕೊಂಡಿದ್ದರೆ, “ಗೊತ್ತಾಗ್ಲಿಲ್ಲ ಅಂತ ಕೇಳ್ದೆ ಕಣೇ ಕತ್ತೆ” ಎಂದು ತಲೆಗೊಂದು ಮೊಟಕಿದಳು. ಲಿಖಿತ ಪರೀಕ್ಷೆಯಲ್ಲಿ ಅವಳಿಗೆ ಇಪ್ಪತ್ತಕ್ಕೆ ನಾಲ್ಕು. ಕೊಟ್ಟವಳು ನಾನೇ, ಅದರಲ್ಲಿ ಎರಡು ಮುದ್ದಾದ ಅಕ್ಷರಕ್ಕೆ.

ಉಳಿದದ್ದು ವಾರ್ಡಿನಲ್ಲೇ ನಡೆಯುವ ಪರೀಕ್ಷೆ. ಹೊರಗಿನ ಪರೀಕ್ಷಕಿ ಒಪ್ಪಿದರೆ ವಾರ್ಡು, ಇಲ್ಲದಿದ್ದರೆ ಉಗ್ರಾಣ. ಪ್ರತಿ ರೋಗಿಯ ಚಾರ್ಟಿನಲ್ಲಿ ‘ಆಧ್ಯಾತ್ಮಿಕ ಅಗತ್ಯ’ ಎಂಬ ಕಾಲಂ ತುಂಬಿರಬೇಕು. ‘ಅಂತರಂಗದ ಶಾಂತಿ’ ಅಂತಲೋ ‘ಬದುಕಿನ ಅರ್ಥದ ಹುಡುಕಾಟ’ ಅಂತಲೋ ಬರಿ ಎಂದು ಹಿಂದಿನ ದಿನ ಗಿಣಿಗೆ ಹೇಳಿದ ಹಾಗೆ ಹೇಳಿಕೊಟ್ಟಿದ್ದೆ.

ಬೆಳಿಗ್ಗೆ ಹತ್ತಕ್ಕೆ ಪರೀಕ್ಷಕಿ ಬಂದರು. ಎತ್ತರದ ಹೆಂಗಸು, ನಕ್ಕರೆ ಏನೋ ಕಳೆದುಹೋಗುತ್ತದೆ ಎನ್ನುವಂಥ ಮುಖ. ಮೊದಲ ಚಾರ್ಟನ್ನು ಜೋರಾಗಿ ಓದಿದರು: “ಆಧ್ಯಾತ್ಮಿಕ ಅಗತ್ಯ: ಕನ್ನಡಕ ಒರೆಸಿ ಕೊಡುವುದು.” ಎರಡನೆಯದು: “ಭಾವಮೈದುನ ನೋಡಲು ಬಂದಾಗ ನಿದ್ದೆ ಬಂದವರಂತೆ ಮಲಗಲು ಬಿಡುವುದು.” ಒಂಬತ್ತನೇ ಮಂಚದ ಬಸ್ ಡ್ರೈವರದು: “ಚಪ್ಪಲಿ ಮಂಚದ ಕೆಳಗೇ ಇರಬೇಕು, ಬಾಗಿಲ ಕಡೆ ಮುಖ ಮಾಡಿ. ದಿನಾ ಒರೆಸುವುದು.”

ಚಪ್ಪಲಿಗಳನ್ನು ವಾರ್ಡಿನ ಹೊರಗಿನ ಕಪಾಟಿನಲ್ಲೇ ಇಡಬೇಕೆಂಬುದು ನಿಯಮ.

ಪರೀಕ್ಷಕಿ ಬಗ್ಗಿ ನೋಡಿದರು. ಚಪ್ಪಲಿ ಇದ್ದವು. ಶೂ ತುದಿಯಿಂದ ಅವನ್ನು ಒಳಕ್ಕೆ ತಳ್ಳಿ, “ಇದು ಅಧ್ಯಾತ್ಮಾನಾ ಸಿಸ್ಟರ್?” ಎಂದರು.

“ಅದೆಲ್ಲ ನಂಗೊತ್ತಿಲ್ಲ ಮೇಡಂ. ಬಗ್ಗಿದ್ರೆ ಚಪ್ಪಲಿ ಕಾಣ್ಬೇಕು ಇವರಿಗೆ. ಕಂಡ್ರೆ ಮನೆಗೆ ಹೋಗ್ತೀನಿ ಅನ್ಕೊಂಡು ಊಟ ಮಾಡ್ತಾರೆ. ಹೊರಗಿಟ್ಟ ದಿನ ಗೋಡೆ ಕಡೆ ತಿರುಗಿ ಮಲಗಿಬಿಟ್ರು.”

“ಬ್ರೇಕ್ ನೋಡ್ದಂಗೆ ದಿನಾ ಬೆಳಿಗ್ಗೆ ನೋಡ್ತೀನಿ,” ಎಂದ ಡ್ರೈವರ್.

ಪರೀಕ್ಷಕಿ ನನ್ನ ಕಡೆ ತಿರುಗಿದರು. “ಪಾಠ ಮಾಡಿದವರು ನೀವಲ್ವಾ? ಇದು ಯಾವ ಸಿದ್ಧಾಂತದಲ್ಲಿ ಬರುತ್ತೆ?”

ಎರಡು ಗಂಟೆ ಮಾತಾಡುವ ನನ್ನ ಬಾಯಿಗೆ ಒಂದು ಸಿದ್ಧಾಂತವೂ ಬರಲಿಲ್ಲ. ಬಂದದ್ದೇ ಬೇರೆ.

“ಯಾವುದರಲ್ಲೂ ಇಲ್ಲ ಮೇಡಂ. ನಾನು ಒಂಬತ್ತು ವರ್ಷದವಳಿದ್ದಾಗ ನಮ್ಮಪ್ಪ ಇದೇ ವಾರ್ಡಿನಲ್ಲಿದ್ರು. ಸ್ಕೂಲು ಬಿಟ್ಟ ಮೇಲೆ ಬಂದು ಅವರ ಚಪ್ಪಲಿ ಒರೆಸೋ ಕೆಲಸ ಈ ಸಿಸ್ಟರೇ ನನಗೆ ಕೊಟ್ಟಿದ್ರು. ಬಾಗಿಲ ಕಡೆ ಮುಖ ಮಾಡಿಡು ಅಂತಿದ್ರು. ನಲವತ್ತು ದಿನ ಒರೆಸಿದೆ. ಅಪ್ಪ ಇಲ್ಲೇ ಹೋಗಿಬಿಟ್ರು. ಆದ್ರೆ ಆ ನಲವತ್ತು ದಿನ ನಾನು ಒಂದು ಸಲಾನೂ ಅಳಲಿಲ್ಲ.”

ಹೇಳಿ ಮುಗಿಸುವಷ್ಟರಲ್ಲಿ ನನಗೆ ಅಳು ಬಂದಿತ್ತು. ಇಷ್ಟು ವರ್ಷ ಚೈತನ್ಯದ ವಲಯವನ್ನು ಬೋರ್ಡಿನ ಮೇಲೆ ಬರೆದವಳಿಗೆ ಆ ಚಪ್ಪಲಿ ಒಂದು ದಿನವೂ ನೆನಪಾಗಿರಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಪರೀಕ್ಷಕಿ ಮೊಣಕಾಲೂರಿ ಬಗ್ಗಿದರು, ತಾವೇ ತಳ್ಳಿದ್ದ ಚಪ್ಪಲಿಗಳನ್ನು ಕೈಯಿಂದಲೇ ಎಳೆದು ಬಾಗಿಲ ಕಡೆ ತಿರುಗಿಸಿಟ್ಟರು. ಆಮೇಲೆ ಕೈ ತೊಳೆದುಕೊಂಡು ಸಹಿ ಹಾಕಿದರು.

ಕಾರಿಡಾರಿನಲ್ಲಿ ದೊಡ್ಡಮ್ಮ ಹಿಡಿದು ನಿಲ್ಲಿಸಿದಳು. “ಪಾಸಾ?”

“ಪಾಸು.”

“ಹಾಗಾದ್ರೆ ದಾರಿ ಬಿಡು. ಏಳನೇ ಮಂಚದವರು ಬೆಡ್‌ಪ್ಯಾನ್ ಕೇಳಿ ಎಷ್ಟೊತ್ತಾಯ್ತು!”

ನಾನು ಬಿಡಲಿಲ್ಲ. “ದೊಡ್ಡಮ್ಮ, ಅಪ್ಪ ಮನೆಗೆ ಬರಲ್ಲ ಅಂತ ಆಗ್ಲೇ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಅಪ್ಪಂಗೆ?”

“ಅವರಿಗೂ ಗೊತ್ತಿತ್ತು ಕಣೇ,” ಎಂದಳು ದೊಡ್ಡಮ್ಮ, ನನ್ನ ಕೈ ಬಿಡಿಸಿಕೊಳ್ಳುತ್ತ. “ಆ ಚಪ್ಪಲಿ ಇಟ್ಟಿದ್ದು ಅವರಿಗಲ್ಲ. ಒರೆಸೋಳಿಗೆ.”